ಒಂದು ಚೆನ್ನಾಗಿದೆಯಾ, ಎರಡು ಚೆನ್ನಾಗಿದೆಯಾ?

ನನ್ನ ಮೊಮ್ಮಗಳು ಯಾವುದಾದರೂ ಮದುವೆಗೆ ಹೋಗಿ ಬಂದರೆ ಮದುಮಗಳ ಸೀರೆ ಯಾವ ಬಣ್ಣದ್ದು ಎಂದು ಅವಳನ್ನು ಕೇಳಲೇಬೇಡಿ. ಗೊತ್ತಿರುವುದಿಲ್ಲ! ಒಡವೆ? ಊಹೂಂ. ಊಟಕ್ಕೇನಿತ್ತು? ಏನೋ ಇತ್ತು. ಆದರೆ ಮದುಮಗನ ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ಒಂದು ಮಿಲಿಮೀಟರ್ ಕೆಳಗಿದೆ, ಪುರೋಹಿತರು ಮಂತ್ರದ ಪುಸ್ತಕ ಓದುತ್ತಿಲ್ಲ, ಓದುವ ಆಕ್ಟಿಂಗ್ ಮಾಡುತ್ತಿದ್ದಾರೆ, ಅವರಿಗೆ ಅರ್ಜೆಂಟಾಗಿ ರೀಡಿಂಗ್ ಗ್ಲಾಸ್ ಬೇಕು, ಇಷ್ಟನ್ನು ಮಾತ್ರ ಕೋರ್ಟಿನಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತಾಳೆ. ಈ ವಿಷಯವನ್ನು ಅವಳು ಪುರೋಹಿತರಿಗೇ ಹೇಳಿಬಿಟ್ಟಿದ್ದಳು ಎಂಬುದು ನಮಗೆ ಕಾರಿನಲ್ಲಿ ಮನೆಗೆ ಬರುವಾಗ ತಿಳಿಯಿತು. ಪಾಪ, ಅವರು ಸಿಟ್ಟಾಗಲಿಲ್ಲವಂತೆ. "ಎಷ್ಟು ನಂಬರ್ ಬರಬಹುದಮ್ಮಾ?" ಎಂದು ಕೇಳಿದರಂತೆ. ಅದೂ ಯಾವಾಗ? ಗಟ್ಟಿಮೇಳಕ್ಕೆ ಎರಡು ನಿಮಿಷ ಇರುವಾಗ!

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಯಾರನ್ನೂ ದಿಟ್ಟಿಸಿ ನೋಡಬಾರದು, ಇಟ್ ಈಸ್ ಬ್ಯಾಡ್ ಮ್ಯಾನರ್ಸ್ ಎಂದು ನಮ್ಮ ಸಿಸ್ಟರ್ ಒಂದನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದರು. ಆ ಪಾಠವನ್ನು ನಾನು ಎಪ್ಪತ್ತು ವರ್ಷ ಪಾಲಿಸಿಕೊಂಡು ಬಂದೆ. ನನ್ನ ಮೊಮ್ಮಗಳಾದರೋ ದಿಟ್ಟಿಸಿ ನೋಡುವುದನ್ನೇ ಉದ್ಯೋಗ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದು ಕೂತಳು.

ನಾವಿರುವುದು ದೋಹಾದ ಅಲ್ ಮುಂತಜಾದಲ್ಲಿ, ಹಳೆಯ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ. ಮಗಳು ಇಲ್ಲಿಯ ಶಾಲೆಯೊಂದರಲ್ಲಿ ಟೀಚರ್. ಅಳಿಯ ಕಟ್ಟಡ ಕಟ್ಟುವ ಕಂಪನಿಯಲ್ಲಿ ಪ್ರಾಜೆಕ್ಟ್ ಪ್ಲಾನರ್. ಲೋಕದ ಸಮಸ್ತ ಸಂಗತಿಗಳಿಗೂ ಒಂದು ಡೆಡ್‌ಲೈನ್ ಇದೆ ಎಂದು ನಂಬಿದವರು. ಅವರ ಒಬ್ಬಳೇ ಮಗಳು, ಅಂದರೆ ನನ್ನ ಈ ಮೊಮ್ಮಗಳು, ಬಯಾಲಜಿ ಡಿಗ್ರಿ ಓದುತ್ತಿದ್ದಳು. ಅದಾದ ಮೇಲೆ ಮೆಡಿಸಿನ್ ಓದುತ್ತಾಳೆ ಎಂದು ಎಲ್ಲರೂ ತೀರ್ಮಾನಿಸಿದ್ದರು. ಅವಳನ್ನು ಕೇಳುವುದೊಂದು ಬಾಕಿ ಇತ್ತು.

ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ಹೇಳಿದಳು: "ಅಪ್ಪಾ, ನಾನು ಆಪ್ಟೋಮೆಟ್ರಿ ಸ್ಕೂಲಿಗೆ ಅಪ್ಲೈ ಮಾಡ್ತೀನಿ."

ಅಳಿಯ ಚಮಚ ಕೆಳಗಿಟ್ಟರು. "ಅಂದ್ರೆ? ಕನ್ನಡಕದ ಅಂಗಡಿನಾ?"

"ಅಲ್ಲ ಅಪ್ಪಾ. ಕಣ್ಣು ಚೆಕ್ ಮಾಡೋದು, ಪವರ್ ಕಂಡು ಹಿಡಿಯೋದು, ಒಳಗೆ ಕಾಯಿಲೆ ಇದ್ಯಾ ನೋಡೋದು. ಡಿಗ್ರಿ ಆದ್ಮೇಲೆ ನಾಲ್ಕು ವರ್ಷ."

"ಆಪರೇಶನ್ ಮಾಡ್ತೀಯಾ?"

"ಇಲ್ಲ."

"ಮತ್ತೆ ನಾಲ್ಕು ವರ್ಷ ಏನು ಮಾಡ್ತೀಯಾ?"

"ನೋಡ್ತೀನಿ," ಎಂದಳು. ಉಪ್ಪಿಟ್ಟಿನ ಮೇಲೆ ಎರಡನೇ ಸಲ ಸಕ್ಕರೆ ಉದುರಿಸಿಕೊಂಡಳು.

ಆ ದಿನವೇ ಅಳಿಯ ತಮ್ಮ ಪ್ರಾಜೆಕ್ಟ್ ಪ್ಲಾನ್ ಮಂಡಿಸಿದರು. ಒಂದೇ ಒಂದು ವರ್ಷ, ಒಂದೇ ಒಂದು ಸಲ ಅಪ್ಲೈ ಮಾಡಬಹುದು. ಸೀಟು ಸಿಕ್ಕಿದರೆ ಸರಿ. ಸಿಗದಿದ್ದರೆ ಖಲಾಸ್! ಮರುಮಾತಿಲ್ಲದೆ ಎಂಬಿಎ ಸೇರಬೇಕು. ಅವಳು ಎದ್ದು ಬಂದು ಅಪ್ಪನ ಕೈ ಕುಲುಕಿದಳು, ಬಿಸಿನೆಸ್ ಮೀಟಿಂಗಿನಲ್ಲಿ ಕುಲುಕುವ ಹಾಗೆ. "ಡೀಲ್," ಎಂದಳು. ಸೋಲಬಹುದು ಎಂಬ ಅನುಮಾನವೇ ಆ ಮುಖದಲ್ಲಿ ಇರಲಿಲ್ಲ. ಅನುಮಾನವನ್ನೆಲ್ಲ ನನ್ನ ಮಗಳು ಮತ್ತು ನಾನು ಹಂಚಿಕೊಂಡೆವು.

ಸುದ್ದಿ ಹರಡಲು ಎಷ್ಟು ಹೊತ್ತು? ಮುಂದಿನ ಶುಕ್ರವಾರ ಅಲ್ ಗರಾಫಾದಲ್ಲಿ ಅಳಿಯನ ಸ್ನೇಹಿತರ ಮನೆಯಲ್ಲಿ ಊಟ. ಆ ಸ್ನೇಹಿತರು ಮಂಡ್ಯದ ಕಡೆಯವರು, ದೊಡ್ಡ ದನಿಯವರು. "ಏನಮ್ಮಾ, ಡಾಕ್ಟರ್ ಆಗೋದು ಬಿಟ್ಟು ಕನ್ನಡಕ ಒರೆಸೋಕೆ ಹೊರಟಿದ್ದೀಯಂತೆ? ಮಾರ್ಕ್ಸ್ ಬರ್ಲಿಲ್ವಾ?" ಎಂದು ಹದಿನೈದು ಜನರೆದುರು ಕೇಳಿದರು.

ಅವಳು ಅವರ ಕಣ್ಣನ್ನೇ ನೋಡುತ್ತಾ ಹೇಳಿದಳು: "ಅಂಕಲ್, ಆಗಿಂದ ನೋಡ್ತಿದ್ದೀನಿ, ನೀವು ಫೋನನ್ನ ತುಂಬಾ ದೂರ ಹಿಡ್ಕೊಂಡು ಓದ್ತೀರಿ. ಈಗ ಕೈ ಪೂರ್ತಿ ನೇರ ಆಗಿದೆ. ಇನ್ನೊಂದು ವರ್ಷಕ್ಕೆ ಕೈ ಉದ್ದ ಸಾಕಾಗಲ್ಲ. ಆವಾಗ ಬನ್ನಿ, ನಾನೇ ಒರೆಸಿ ಕೊಡ್ತೀನಿ."

ಎಲ್ಲರಿಗಿಂತ ಜೋರಾಗಿ ನಕ್ಕವರು ಅವರ ಹೆಂಡತಿ!

ಪ್ರವೇಶ ಪರೀಕ್ಷೆಯ ತಯಾರಿ ಶುರುವಾಯಿತು ನೋಡಿ, ಮನೆ ಮನೆಯಾಗಿ ಉಳಿಯಲಿಲ್ಲ. ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್, ಗಣಿತ, ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವುದು, ಎಲ್ಲವೂ ಒಂದೇ ದಿನದಲ್ಲಿ. ಬಚ್ಚಲುಮನೆಯ ಕನ್ನಡಿಯ ಮೇಲೆ ಕಾಜಲ್ ಪೆನ್ಸಿಲಿನಲ್ಲಿ ಬೆಳಕಿನ ಕಿರಣಗಳ ಚಿತ್ರ. ನಾನು ಹಣೆಗಿಟ್ಟುಕೊಳ್ಳಲು ಹೋದರೆ ನನ್ನ ಕುಂಕುಮದ ಜಾಗದಲ್ಲಿ ಫೋಕಸ್ ಪಾಯಿಂಟ್! ಊಟಕ್ಕೆ ಕೂತರೆ ಸಾಂಬಾರಿನ ಸೌಟು ಎತ್ತಿ ಹಿಡಿದು, "ಅಜ್ಜಿ, ಈ ಕಡೆಯಿಂದ ನೋಡಿ, ನೀವು ಉಲ್ಟಾ. ಆ ಕಡೆಯಿಂದ ನೋಡಿ, ಸೀದಾ," ಎನ್ನುತ್ತಿದ್ದಳು. ಸಾಂಬಾರು ಸೀದಾ ನನ್ನ ಮಡಿಲಿಗೆ.

"ಯಲ್ಲಾ, ಬೇಗ, ಊಟ ಮಾಡು ಮೊದ್ಲು!" ಎಂದು ಅಳಿಯ ಗದರುತ್ತಿದ್ದರು.

ಇನ್ನೊಂದು ವಿಚಿತ್ರವಿತ್ತು. ಮಾದರಿ ಪರೀಕ್ಷೆ ಬರೆದಾಗ ಸರಿಯುತ್ತರ ಬಂದರೆ ಅವಳಿಗೆ ಬೇಜಾರು, ತಪ್ಪಾದರೆ ಖುಷಿ. ಹತ್ತು ತಪ್ಪು ಮಾಡಿದ ದಿನ ಕೆಳಗಿನ ಬೇಕರಿಗೆ ಓಡಿ ರವೆಯ ಬಸ್ಬೂಸಾ ತಂದು ಹಂಚುತ್ತಿದ್ದಳು. "ಸರಿ ಬಂದಿದ್ದು ನಂಗೆ ಮೊದ್ಲೇ ಗೊತ್ತಿತ್ತು ಅಜ್ಜಿ. ತಪ್ಪಾಗಿದ್ದು ಮಾತ್ರ ಹೊಸದು," ಎಂಬುದು ಅವಳ ವಾದ. ರ‍್ಯಾಂಕ್ ಎಂಬ ಪದಾರ್ಥದ ಸುತ್ತ ಪ್ರದಕ್ಷಿಣೆ ಹಾಕಿಕೊಂಡು ಬೆಳೆದ ನಮ್ಮ ಪೀಳಿಗೆಗೆ ಇದು ಅರ್ಥವಾಗುತ್ತದೆಯೇ? ನನಗೆ ಅರ್ಥವಾದದ್ದಿಷ್ಟು: ಆ ನಾಲ್ಕು ತಿಂಗಳಲ್ಲಿ ನನ್ನ ಶುಗರ್ ಏರಿತು, ಅವಳ ತಪ್ಪುಗಳು ಇಳಿದವು. ಪರೀಕ್ಷೆಯ ಹಿಂದಿನ ವಾರ ನಮಗೆ ಬಸ್ಬೂಸಾ ಸಿಗಲೇ ಇಲ್ಲ. ಒಳ್ಳೆಯ ಅಂಕ ಬಂತು. ಶುಗರ್ ಇಳಿದಿದೆ ಎಂದು ಡಾಕ್ಟರ್ ನನಗೂ ಕಂಗ್ರಾಜುಲೇಶನ್ಸ್ ಹೇಳಿದರು.

ಪರೀಕ್ಷೆಯೊಂದೇ ಸಾಲದಂತೆ. ಯಾರಾದರೂ ಆಪ್ಟೋಮೆಟ್ರಿಸ್ಟರ ಪಕ್ಕದಲ್ಲಿ ನೆರಳಿನ ಹಾಗೆ ನಿಂತು, ಅವರು ಕೆಲಸ ಮಾಡುವುದನ್ನು ನೂರಾರು ಗಂಟೆ ನೋಡಿ, ಅವರಿಂದ ಶಿಫಾರಸು ಪತ್ರ ತರಬೇಕು. ಅಜ್ಜಿ-ಮೊಮ್ಮಗಳು ಅಂಗಡಿ ಅಂಗಡಿ ಅಲೆದೆವು. ಎಲ್ಲ ಕಡೆಯೂ ಒಂದೇ ಕತೆ: ಅವಳು ಬಾಯಿ ಬಿಡುವ ಮೊದಲೇ ಸೇಲ್ಸ್‌ಮನ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮೂಗಿನ ಮೇಲೆ ಫ್ರೇಮ್ ಏರಿಸುತ್ತಿದ್ದ. ನಾನೇಕೆ ಬೇಡವೆನ್ನಲಿ? ಏಳು ಅಂಗಡಿಗಳಲ್ಲಿ ಅವಳಿಗೆ ಇಲ್ಲ ಎಂದರು. ಏಳರಲ್ಲೂ ನನಗೆ ಬೆಕ್ಕಿನ ಕಣ್ಣಿನ ಫ್ರೇಮ್ ಭಾರಿ ಒಪ್ಪುತ್ತದೆ ಎಂದರು.

ಎಂಟನೆಯದು ದೋಹಾ ಅಲ್ ಜದೀದಾದ ಒಂದು ಸಣ್ಣ ಅಂಗಡಿ. ಅಲ್ಲಿಯ ಆಪ್ಟೋಮೆಟ್ರಿಸ್ಟ್ ಮಲಯಾಳಿ, ಐವತ್ತು ದಾಟಿದವರು, ದಿನಕ್ಕೆ ಇಷ್ಟೇ ಎಂದು ಮಾತನ್ನು ಅಳೆದು ಖರ್ಚು ಮಾಡುವವರು. ಅವಳು ಹದಿನೈದು ನಿಮಿಷ ತನ್ನ ಉದ್ದೇಶ ವಿವರಿಸಿದಳು. ಅವರು "ವಾಟ್ ಲ್ಯಾಂಗ್ವೇಜಸ್?" ಎಂದರು.

"ಇಂಗ್ಲಿಷ್, ಹಿಂದಿ, ಕನ್ನಡ, ಸ್ವಲ್ಪ ಅರೇಬಿಕ್."

"ಕಮ್ ಟುಮಾರೋ. ಫೋನ್ ನೋ."

ಅಷ್ಟೇ ಸಂದರ್ಶನ! ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ ಆಲ್ಸೋ ಕಮ್. ಲೇಡೀಸ್ ಕಸ್ಟಮರ್ ವಿಲ್ ಬಿ ಹ್ಯಾಪಿ," ಎಂದರು. ಹೀಗೆ ಎಪ್ಪತ್ತಾರನೇ ವಯಸ್ಸಿನಲ್ಲಿ ನನಗೂ ಗಲ್ಫಿನಲ್ಲಿ ಕೆಲಸ ಸಿಕ್ಕಿತು. ಅವಳ ಫೋನು ನನ್ನ ಹ್ಯಾಂಡ್‌ಬ್ಯಾಗಿನಲ್ಲಿ, ನಾನು ಬಾಗಿಲ ಪಕ್ಕದ ಸೋಫಾದಲ್ಲಿ, ಅವಳು ಒಳಗಿನ ಕತ್ತಲೆ ಕೋಣೆಯಲ್ಲಿ.

ಮೊದಲ ತಿಂಗಳು ಬರೀ ನಿಂತು ನೋಡಿದಳು. ಆಮೇಲೆ ಅವರು ಒಂದೇ ಒಂದು ಕೆಲಸ ಕೊಟ್ಟರು: ಪ್ರಶ್ನೆ ಕೇಳುವುದು. ಕನ್ನಡಕ ಮಾಡಿಸಿದವರಿಗೆಲ್ಲ ಗೊತ್ತು ಆ ಪ್ರಶ್ನೆ. ಕಣ್ಣಿನ ಮುಂದೆ ಒಂದು ಗಾಜು ಇಡುತ್ತಾರೆ, ತೆಗೆದು ಇನ್ನೊಂದು ಇಡುತ್ತಾರೆ. ಒಂದು ಚೆನ್ನಾಗಿದೆಯಾ, ಎರಡು ಚೆನ್ನಾಗಿದೆಯಾ? ಗಾಜು ಯಾವುದೆಂದು ತೀರ್ಮಾನಿಸುವುದು ಅವರು. ಕೇಳುವುದು ಮಾತ್ರ ಇವಳು. ಅದನ್ನೇ ಅವಳು ತನಗೆ ಬಾರದ ಎಂಟು ಭಾಷೆಗಳಲ್ಲಿ ಕಲಿತಳು. ಬಂಗಾಳಿ ಡ್ರೈವರ್‌ಗೆ ಬಂಗಾಳಿಯಲ್ಲಿ, ಫಿಲಿಪಿನೊ ನರ್ಸಿಗೆ ಅವರ ಭಾಷೆಯಲ್ಲಿ. ಎಂಟರಲ್ಲೂ ಅವಳಿಗೆ ಬರುವುದು ಆ ಒಂದೇ ವಾಕ್ಯ!

ಆ ವಾಕ್ಯ ಮನೆಗೂ ಬಂತು. ದೋಸೆ ಹಾಕುತ್ತಾ ಕೇಳುತ್ತಾಳೆ: ಒಂದು ಚೆನ್ನಾಗಿದೆಯಾ, ಎರಡು ಚೆನ್ನಾಗಿದೆಯಾ? ಅಪ್ಪನ ಟೈ ಎತ್ತಿ ಹಿಡಿದು ಕೇಳುತ್ತಾಳೆ. ನಾನು ಎರಡು ದಿಂಬಿನ ನಡುವೆ ಒದ್ದಾಡುತ್ತಿದ್ದರೆ ಬಂದು ಕೇಳುತ್ತಾಳೆ. ನಾನು "ಎರಡೂ ಒಂದೇ ಕಣೇ" ಎಂದರೆ, "ವೆರಿ ಗುಡ್, ಹಾಗಿದ್ರೆ ಕರೆಕ್ಟ್ ಪವರ್ ಬಂದಿದೆ," ಎಂದು ದೀಪ ಆರಿಸಿ ಹೋಗುತ್ತಾಳೆ.

ಒಂದು ಶುಕ್ರವಾರ ಅಪ್ಪನ ಸ್ನೇಹಿತರು ಐದಾರು ಜನ ಮನೆಗೆ ಬಂದಿದ್ದರು. ಅಭ್ಯಾಸಕ್ಕೆಂದು ಅವಳು ಗೋಡೆಯ ಮೇಲೆ ಅಕ್ಷರಗಳ ಚಾರ್ಟ್ ತೂಗುಹಾಕಿ ಒಬ್ಬೊಬ್ಬರನ್ನೇ ನಿಲ್ಲಿಸಿದಳು. ಆಗ ನೋಡಬೇಕಿತ್ತು ನಮ್ಮವರ ಅವತಾರ! ಇಂಜಿನಿಯರುಗಳು, ಮ್ಯಾನೇಜರುಗಳು, ಎಲ್ಲರಿಗೂ ಪಾಸಾಗಬೇಕು! ಒಬ್ಬರು ಸರದಿಯಲ್ಲಿ ಕಾಯುತ್ತಾ ತುಟಿ ಅಲ್ಲಾಡಿಸಿ ಕೊನೆಯ ಸಾಲು ಬೈಹಾರ್ಟ್ ಮಾಡುತ್ತಿದ್ದರು. ಒಬ್ಬರ ಹೆಂಡತಿ ಕೆಮ್ಮುತ್ತಾ ಉತ್ತರ ಹೇಳಿಕೊಡುತ್ತಿದ್ದರು. ಆ ಅಲ್ ಗರಾಫಾದ ಅಂಕಲ್ ಇದ್ದಾರಲ್ಲ, ಅವರು ಒಂದು ಅಕ್ಷರ ತಪ್ಪಿದ್ದಕ್ಕೆ "ಅದು ಔಟ್ ಆಫ್ ಸಿಲಬಸ್!" ಎಂದು ಜಗಳ ತೆಗೆದರು. ನಾನು ಮಾತ್ರ ಗಂಭೀರವಾಗಿ ನಿಂತು ಎಲ್ಲ ಸಾಲನ್ನೂ ಗಡಗಡ ಒಪ್ಪಿಸಿದೆ. ಅವಳು ಬಂದು ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದಳು: "ಅಜ್ಜಿ, ಚಾರ್ಟ್ ತೆಗೆದು ಐದು ನಿಮಿಷ ಆಯ್ತು. ನೀವು ನೋಡ್ತಿರೋದು ಕ್ಯಾಲೆಂಡರ್."

ಏನು ಮಾಡಲಿ? ಕಾನ್ವೆಂಟ್ ಟ್ರೇನಿಂಗ್!

ಆ ಟ್ರೇನಿಂಗಿನ ಮೇಲಿನ ಗೌರವದಿಂದಲೇ ಅವಳು ತನ್ನ ಅರ್ಜಿಯ ಪ್ರಬಂಧವನ್ನು ತಿದ್ದಲು ನನಗೆ ಕೊಟ್ಟದ್ದು. ಆಪ್ಟೋಮೆಟ್ರಿಯನ್ನು ಏಕೆ ಆರಿಸಿಕೊಂಡೆ ಎಂದು ಒಂದೂವರೆ ಪುಟದಲ್ಲಿ ಬರೆಯಬೇಕು. ಅವಳ ಮೊದಲ ಕರಡಿನ ಮೊದಲ ವಾಕ್ಯ: "ಐ ಲೈಕ್ ಐಸ್." ಕಣ್ಣುಗಳೆಂದರೆ ಇಷ್ಟವಂತೆ. ಎರಡನೇ ವಾಕ್ಯ: "ಐ ಆಲ್ಸೋ ಲೈಕ್ ಆಸ್ಕಿಂಗ್." ಮೂರನೇ ವಾಕ್ಯ ಇರಲಿಲ್ಲ! ನಾನು ಕೆಂಪು ಪೆನ್ನು ಹಿಡಿದು ಕೂತೆ. ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಶನ್, ಐ ಬೆಗ್ ಟು ಸ್ಟೇಟ್ ಎಂದು ಶುರುಮಾಡಿ, ಮಾನವಕುಲ, ಅಂಧಕಾರ, ಜ್ಯೋತಿ ಎಲ್ಲವನ್ನೂ ತುಂಬಿ, ಯುವರ್ ಮೋಸ್ಟ್ ಒಬೀಡಿಯಂಟ್ ಎಂದು ಮುಗಿಸಿದೆ. ಎಂಥ ಇಂಗ್ಲಿಷ್! ನನಗೇ ಕಣ್ಣು ತುಂಬಿ ಬಂತು.

ಅವಳು ಓದಿ, "ಅಜ್ಜಿ, ಇದು ತುಂಬಾ ಬ್ಯೂಟಿಫುಲ್ ಇದೆ. ಯಾರ ಬಗ್ಗೆ ಇದು?" ಎಂದಳು.

ಕೊನೆಗೆ ಅವಳೇ ಬರೆದಳು. ನನ್ನದರಿಂದ ಎರಡು ಕಾಮಾ ಉಳಿಸಿಕೊಂಡಳು.

ದೂರದೇಶದ ಐದು ಕಾಲೇಜುಗಳಿಗೆ ಅರ್ಜಿ ಹೋಯಿತು. ಒಂದೊಂದೇ ಉತ್ತರ ಬರತೊಡಗಿತು. ವಿ ರಿಗ್ರೆಟ್. ವಿ ರಿಗ್ರೆಟ್. ಮೂರನೆಯದೂ ನಾಲ್ಕನೆಯದೂ ಅದೇ. ಎಂಬಿಎ ಕಾಲೇಜಿನ ಬ್ರೋಷರ್ ಒಂದು ಡೈನಿಂಗ್ ಟೇಬಲ್ಲಿನ ಮೇಲೆ ತಾನಾಗಿಯೇ ಪ್ರತ್ಯಕ್ಷವಾಯಿತು. ಅವಳು ಅದರ ಮೇಲೆ ಬಿಸಿ ಪಾತ್ರೆ ಇಟ್ಟಳು. "ಇನ್ನೊಂದಿದೆಯಲ್ಲ," ಎಂದಳು. ಆ ಕಾನ್ಫಿಡೆನ್ಸನ್ನು ಬಾಟಲಿಯಲ್ಲಿ ತುಂಬಿಡುವ ಹಾಗಿದ್ದರೆ ನಾನು ದಿನಾ ಎರಡು ಚಮಚ ಕುಡಿಯುತ್ತಿದ್ದೆ. ಆದರೆ ಬೆಳಿಗ್ಗೆ ಬಚ್ಚಲುಮನೆಯಲ್ಲಿ ನೀರು ಬಹಳ ಹೊತ್ತು ಸುಮ್ಮನೆ ಸುರಿಯುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಹೊರಗೆ ಬಂದಾಗ ಅವಳ ಕಣ್ಣನ್ನು ನಾನೂ ದಿಟ್ಟಿಸಿ ನೋಡಿದೆ. ಕೆಂಪಗಿದ್ದವು. ಸಿಸ್ಟರ್ ಕ್ಷಮಿಸಲಿ.

ಐದನೆಯವರು ಇಂಟರ್‌ವ್ಯೂಗೆ ಕರೆದರು. ಕಂಪ್ಯೂಟರಿನಲ್ಲೇ, ಅವರಿಗೆ ಬೆಳಿಗ್ಗೆ, ನಮಗೆ ಸಂಜೆ. ಮನೆಯಲ್ಲಿ ಕುಕ್ಕರ್ ಬಂದ್, ಮಿಕ್ಸಿ ಬಂದ್. ಮೇಲಿನ ಮಹಡಿಯ ಮಕ್ಕಳಿಗೆ ಐಸ್‌ಕ್ರೀಂ ಕೊಟ್ಟು ಓಡಾಟ ನಿಲ್ಲಿಸಿದ್ದಾಯಿತು. ಅಳಿಯ ಬ್ಲೇಜರ್ ಹಾಕಿಕೊಂಡು ಬಾಗಿಲ ಹಿಂದೆ ನಿಂತರು. ಅವರನ್ನು ಯಾರು ನೋಡುತ್ತಿದ್ದರು? ಆದರೂ ಬ್ಲೇಜರ್! ನಾನು ಅವರ ಹಿಂದೆ. ನನ್ನ ಹಿಂದೆ ಮಗಳು.

"ಮೆಡಿಸಿನ್ ಏಕೆ ಬೇಡ?" ಎಂದು ಒಬ್ಬರು ಕೇಳಿದರು. ಲೋಕದ ಯಾವ ಮೂಲೆಗೆ ಹೋದರೂ ಇದೇ ಪ್ರಶ್ನೆ ನೋಡಿ!

ಅವಳು ಇಂಗ್ಲಿಷಿನಲ್ಲಿ ಹೇಳಿದಳು: "ಎಲ್ಲಾ ಕಡೆ ಡಾಕ್ಟರ್ ಹೇಳುತ್ತಾರೆ, ಪೇಶಂಟ್ ಕೇಳಿಸಿಕೊಳ್ಳುತ್ತಾರೆ. ಇಲ್ಲಿ ಪೇಶಂಟ್ ಹೇಳಬೇಕು, ನಾನು ಕೇಳಿಸಿಕೊಳ್ಳಬೇಕು. ನನಗೆ ಅದೇ ಇಷ್ಟ."

ಅಳಿಯ ಬಾಗಿಲ ಹಿಂದೆ ತಲೆಯಾಡಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ! ಕೊನೆಯಲ್ಲಿ ಇನ್ನೊಬ್ಬರು, ವಯಸ್ಸಾದವರು, "ನಮ್ಮನ್ನು ಏನಾದರೂ ಕೇಳುವುದಿದೆಯೇ?" ಎಂದರು.

"ಇದೆ ಸರ್. ನೀವು ಸ್ಕ್ರೀನ್ ಓದುವಾಗ ಪ್ರತಿಸಲ ಗದ್ದ ಮೇಲೆತ್ತುತ್ತಿದ್ದೀರಿ. ಕುತ್ತಿಗೆ ನೋಯುವುದಿಲ್ಲವೇ? ನಿಮ್ಮ ಲೆನ್ಸ್ ಕೂತಿರುವ ಎತ್ತರ ಸರಿಯಿಲ್ಲ ಅನ್ನಿಸುತ್ತದೆ."

ಅಳಿಯ ಬ್ಲೇಜರ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, "ಖಲಾಸ್. ಅತ್ತೆ, ಕುಕ್ಕರ್ ಇಡಿ," ಎಂದರು.

ಗುರುವಾರ ಸಂಜೆಯೊಳಗೆ ಉತ್ತರ ಕಳಿಸುತ್ತೇವೆ ಎಂದಿದ್ದರು. ಗುರುವಾರವೂ ಅವಳು ಅಂಗಡಿಗೆ ಹೊರಟಳು. "ಮನೇಲಿ ಕೂತ್ರೆ ಮೇಲ್ ಬೇಗ ಬರುತ್ತಾ?" ಎಂದಳು. ಎಂದಿನಂತೆ ಅವಳ ಫೋನು ನನ್ನ ಬ್ಯಾಗಿನಲ್ಲಿ, ನಾನು ಸೋಫಾದಲ್ಲಿ. ನಾಲ್ಕೂವರೆಗೆ ಬಾಗಿಲು ತೆರೆದು ಒಳಗೆ ಬಂದವರು ಯಾರು? ನಮ್ಮ ಅಳಿಯ! ಆ ಗಲ್ಲಿಯಲ್ಲಿ ಪಾರ್ಕಿಂಗ್ ಸಿಗುವುದಿಲ್ಲ ಎಂಬ ನೆಪ ಹೇಳಿ ಒಂದು ವರ್ಷದಲ್ಲಿ ಒಮ್ಮೆಯೂ ಅತ್ತ ಸುಳಿಯದಿದ್ದವರು. "ಈ ಕಡೆ ಸೈಟ್ ವಿಸಿಟ್ ಇತ್ತು ಅತ್ತೆ," ಎಂದರು. ಆ ಕಡೆ ಯಾವ ಸೈಟೂ ಇಲ್ಲ. ಅವರು ಕೂರುವುದಕ್ಕೂ ನನ್ನ ಬ್ಯಾಗು ಗುಂಯ್ ಎನ್ನುವುದಕ್ಕೂ ಸರಿಹೋಯಿತು. ತೆಗೆದು ನೋಡಿದರೆ ಕಾಲೇಜಿನ ಮೇಲ್. ಮೇಲೆ ಹೆಸರು ಮಾತ್ರ ಕಾಣುತ್ತಿತ್ತು, ಒಳಗೇನಿದೆ ತಿಳಿಯದು.

ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕುರ್ಚಿಯಲ್ಲಿ ನೇಪಾಳದ ಒಬ್ಬ ಹೆಂಗಸು, ನಲವತ್ತು ದಾಟಿರಬಹುದು, ಯಾರದೋ ಮನೆಯಲ್ಲಿ ಕೆಲಸ ಮಾಡುವವಳು. ಕಣ್ಣಿಗೆ ಗಾಜು ಸಿಕ್ಕಿಸುವ ದಪ್ಪ ಫ್ರೇಮ್, ಕೈಯಲ್ಲಿ ಓದುವ ಕಾರ್ಡ್. ಮಲಯಾಳಿ ಸಾಹೇಬರು ಗಾಜು ಬದಲಿಸುತ್ತಿದ್ದರು, ನಮ್ಮವಳು ಕೇಳುತ್ತಿದ್ದಳು. ಆ ಹೆಂಗಸು ಪ್ರತಿಸಲವೂ, "ದೋನೋ ಅಚ್ಛಾ, ಮೇಡಂ," ಎನ್ನುತ್ತಿದ್ದಳು. ಗಾಜು ಬದಲಾಯಿತು. ದೋನೋ ಅಚ್ಛಾ. ಮತ್ತೆ ಬದಲಾಯಿತು. ದೋನೋ ಅಚ್ಛಾ. ಎರಡೂ ಚೆನ್ನಾಗಿದೆ, ಯಾವ ಗಾಜಿಗೂ ಬೇಸರ ಮಾಡಬಾರದು ಎನ್ನುವ ಹಾಗೆ.

ಅಳಿಯ ಗಡಿಯಾರ ನೋಡಿಕೊಂಡರು. "ಎಷ್ಟು ಹೊತ್ತು ಅತ್ತೆ ಇದು?"

ನಮ್ಮವಳು ಸ್ಟೂಲ್ ಎಳೆದುಕೊಂಡು ಆ ಹೆಂಗಸಿನ ಎದುರು ಕೂತಳು. ಹಿಂದಿಯಲ್ಲಿ, ನಾನು ಅವಳ ಬಾಯಿಂದ ಎಂದೂ ಕೇಳಿರದ ಸಣ್ಣ ದನಿಯಲ್ಲಿ ಹೇಳಿದಳು: "ದೀದಿ, ನನಗೆ ಬೇಜಾರಾಗಲ್ಲ, ಸರ್‌ಗೂ ಬೇಜಾರಾಗಲ್ಲ. ಇದರಲ್ಲಿ ತಪ್ಪು ಉತ್ತರ ಇಲ್ಲ. ನಿಮಗೆ ಯಾವುದು ಬೇಕು, ಅದನ್ನ ಹೇಳಿ. ಅವಸರ ಇಲ್ಲ."

ತನಗೆ ಯಾವುದು ಬೇಕು ಎಂದು ಯಾರಾದರೂ ಆ ಹೆಂಗಸನ್ನು ಕೇಳಿ ಎಷ್ಟು ಕಾಲವಾಗಿತ್ತೋ! ಗಾಜು ಬದಲಾಯಿತು. "ಪೆಹಲಾ," ಎಂದಳು ಮೆಲ್ಲಗೆ. ಮತ್ತೆ ಬದಲಾಯಿತು. "ದೂಸ್ರಾ." ದನಿ ಬರಬರುತ್ತಾ ಗಟ್ಟಿಯಾಯಿತು. ಕೊನೆಗೆ ಸಾಹೇಬರು ಕೈ ತೆಗೆದಾಗ, ಅವಳು ಕಾರ್ಡ್ ಬಿಟ್ಟು ತನ್ನ ಹಳೆಯ ಫೋನು ಎತ್ತಿಕೊಂಡಳು. ಅದರ ಪರದೆಯ ಮೇಲೆ ಆರೇಳು ವರ್ಷದ ಹುಡುಗಿಯೊಬ್ಬಳು ನಗುತ್ತಿದ್ದ ಫೋಟೊ. ಹತ್ತಿರ ಹಿಡಿದು ನೋಡಿದಳು. ಇನ್ನೊಮ್ಮೆ ನೋಡಿದಳು.

"ನನ್ನ ಮಗಳ ಹಲ್ಲು ಬಿದ್ದಿದೆ," ಎಂದಳು. "ಎರಡು ತಿಂಗಳಿಂದ ದಿನಾ ನೋಡ್ತಿದ್ದೀನಿ ಈ ಫೋಟೊ. ಹಲ್ಲು ಬಿದ್ದಿದೆ!"

ನಗುತ್ತಾ ಹೇಳಿದಳು, ನಗುತ್ತಲೇ ಆ ದಪ್ಪ ಫ್ರೇಮಿನ ಕೆಳಗಿಂದ ನೀರು ಇಳಿಯಿತು. ನಮ್ಮವಳು ಬಗ್ಗಿ ಆ ಫೋಟೊದಲ್ಲಿ ಹುಡುಗಿಯ ಬಾಯಿಯನ್ನು ನೋಡಿದಳು, ಕಣ್ಣನ್ನಲ್ಲ. "ಹೊಸದು ಬರ್ತಾ ಇದೆ ದೀದಿ, ನೋಡಿ ಇಲ್ಲಿ, ಬಿಳಿ ಕಾಣ್ತಾ ಇದೆ," ಎಂದಳು. ಇಬ್ಬರೂ ಒಂದೇ ಫೋನಿನ ಮೇಲೆ ತಲೆ ಬಗ್ಗಿಸಿಕೊಂಡು ಕೂತುಬಿಟ್ಟರು.

ನಾನು ಮೇಲ್ ಇದೆ ಎಂದು ಕರೆಯಲು ಫೋನು ಎತ್ತಿದೆ. ಅಳಿಯ ನನ್ನ ಕೈ ಹಿಡಿದು ತಡೆದರು. ಅವರು ಒಳಗೇ ನೋಡುತ್ತಿದ್ದರು.

"ಈಗ ಬೇಡ ಅತ್ತೆ. ಕೆಲಸದಲ್ಲಿದ್ದಾಳೆ."

ಫೋನನ್ನು ನನ್ನ ಬ್ಯಾಗಿಗೆ ವಾಪಸು ಹಾಕಿ, "ಇದು ಸಿಗದಿದ್ರೆ ಮುಂದಿನ ವರ್ಷ ಮತ್ತೆ ಹಾಕ್ಲಿ. ಅದರ ಮುಂದಿನ ವರ್ಷಾನೂ ಹಾಕ್ಲಿ," ಎಂದರು.

"ಮತ್ತೆ ಎಂಬಿಎ?"

"ಅದು ಮಾಫಿ," ಎಂದರು. ಇಲ್ಲ ಎನ್ನುವುದಕ್ಕೆ ಇಲ್ಲಿಯ ಅರಬ್ಬಿ ಮಾತು ಅದು. ಅದನ್ನು ಅಷ್ಟು ಮೃದುವಾಗಿ ಹೇಳಿದ್ದನ್ನು ನಾನು ಈ ಊರಿನಲ್ಲಿ ಕೇಳಿಲ್ಲ.

ಕಾಲು ಗಂಟೆಯ ನಂತರ ಅವಳು ಹೊರಗೆ ಬಂದು ಮೇಲ್ ತೆರೆದಳು. ಸೀಟು ಸಿಕ್ಕಿತ್ತು! ಕೆಳಗೆ ಒಂದು ಸಾಲು ಬೇರೆ: ಆ ವಯಸ್ಸಾದ ಪ್ರೊಫೆಸರ್ ತಮ್ಮ ಲೆನ್ಸ್ ಬದಲಾಯಿಸಿಕೊಂಡರಂತೆ. ಅವಳು ಅಪ್ಪನ ಮುಂದೆ ಫೋನು ಹಿಡಿದು, "ನೋಡಿದ್ರಾ? ಸೀಟು ಸಿಕ್ತು, ಈಗ ಒಪ್ಕೊಳ್ಳಲೇಬೇಕು ನೀವು. ಡೀಲ್ ಈಸ್ ಡೀಲ್," ಎಂದು ಬೀಗಿದಳು. ಅಳಿಯ "ಹೂಂ ಮಾರಾಯ್ತಿ, ಒಪ್ಕೊಂಡೆ, ಇನ್ನೇನ್ ಮಾಡೋದು?" ಎಂದು ಸೋತವರ ಮುಖ ಮಾಡಿ, ಅವಳ ತಲೆಯ ಮೇಲಿಂದ ನನಗೆ ಕಣ್ಸನ್ನೆ ಮಾಡಿದರು: ಹೇಳಬೇಡಿ.

ಆಮೇಲೆ ಕಾರಿನ ಹತ್ತಿರ ಕಾರಣವನ್ನೂ ಹೇಳಿದರು. "ಅವಳೇ ಗೆದ್ದಳು ಅಂತಿರಲಿ ಅತ್ತೆ."

ಅವಳು ಹೋಗಿ ಎಂಟು ತಿಂಗಳಾಯಿತು. ಸೀಟು ಸಿಕ್ಕಿದ್ದರಿಂದಲೇ ಅಪ್ಪ ಒಪ್ಪಿದ್ದು ಎಂದೇ ಈಗಲೂ ನಂಬಿದ್ದಾಳೆ. ವಾರಕ್ಕೊಮ್ಮೆ ಫೋನಿನಲ್ಲಿ ಅದನ್ನು ಹೇಳಿ ಅಪ್ಪನನ್ನು ರೇಗಿಸುತ್ತಾಳೆ, ಅವರು ರೇಗಿಸಿಕೊಳ್ಳುತ್ತಾರೆ. ನಾನು ಕೊಟ್ಟ ಮಾತು ಮುರಿಯುವವಳಲ್ಲ. ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಎಂದಾದರೂ ಒಂದು ದಿನ, ಅಜ್ಜಿ ಇಷ್ಟೊಂದು ಏನು ಬರೆದಿದ್ದಾಳೆ ಎಂದು ಕುತೂಹಲವಾಗಿ ಕಲಿತುಕೊಂಡರೆ, ಕಲಿಯಲಿ. ತನಗಾಗಿ ಅಪ್ಪ ಯಾವಾಗ ಸೋತರು ಎಂಬುದು ಅವಳಿಗೆ ಗೊತ್ತಾಗಲಿ.